ಗುಟ್ಟು ಕಾಯ್ದ ಊರು

ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರು ನಗುವುದಕ್ಕೆ ದೂರ ಹೋಗಬೇಕಾಗಿಲ್ಲ. ಕೈಯಲ್ಲೊಂದು ರಿಜಿಸ್ಟರ್ ಹಿಡಿದು ನಮ್ಮ ಕಡೆಯ ಯಾವುದಾದರೂ ಹಳ್ಳಿಗೆ ಹೋದರೆ ಸಾಕು. ನಮ್ಮ ಜನ ದೇವರನ್ನು ಕಾಣದೆಯೂ ನಂಬುತ್ತಾರೆ, ರಿಜಿಸ್ಟರ್ ಹಿಡಿದವರನ್ನು ಕಂಡರೂ ನಂಬುವುದಿಲ್ಲ. ನಾನೂ ಅಫಜಲಪುರದವಳೇ, ಸಂಶಯ ನನಗೂ ಹುಟ್ಟುಗುಣ.

೧. ಬೋರ್ಡು ಯಾರಿಗೆ?

ಒಂದು ಬೆಳಿಗ್ಗೆ ವಿಶ್ವವಿದ್ಯಾಲಯದಿಂದ ನಮ್ಮ ಕಾಲೇಜಿಗೆ ದೊಡ್ಡದೊಂದು ಬೋರ್ಡು ಬಂತು. ಮೇಲೆ 'ನಮ್ಮ ಧ್ಯೇಯ', ಕೆಳಗೆ ಮೌಲ್ಯಗಳು: ಕರುಣೆ, ಗೌರವ, ಪ್ರಾಮಾಣಿಕತೆ, ಗೋಪ್ಯತೆ. ಯಾರೂ ಅದನ್ನು ಧ್ಯೇಯವೆಂದು ಓದಲಿಲ್ಲ, ತಮ್ಮ ಮೇಲಿನ ದೂರು ಎಂದೇ ಓದಿದರು. ಕರುಣೆ ತನಗೆ ಹೇಳಿದ್ದೆಂದು ಹಾಸ್ಟೆಲ್ ವಾರ್ಡನ್ ಎರಡು ದಿನ ಮುಖ ಊದಿಸಿಕೊಂಡರು. ಪ್ರಾಮಾಣಿಕತೆಯನ್ನು ಬರೆಸಿದವರು ಯಾರೆಂದು ಸ್ಟೋರ್ ಕೀಪರ್ ಒಬ್ಬೊಬ್ಬರನ್ನೇ ವಿಚಾರಿಸಿದರು. ಇದನ್ನೆಲ್ಲ ನಾನು ಸ್ಟಾಫ್ ರೂಮಿನಲ್ಲಿ ರಸವತ್ತಾಗಿ ಹೇಳಿ ಬಂದೆ. ಗೋಪ್ಯತೆ ಯಾರಿಗಾಗಿ ಬರೆಸಿದ್ದು ಎಂಬುದರಲ್ಲಿ ಮಾತ್ರ ಯಾರಿಗೂ ಸಂಶಯವಿರಲಿಲ್ಲ.

೨. ಒಬ್ಬಳೇ ಇರುವ ಮನೆ

ಜೇವರ್ಗಿ ಕಡೆಯ ಒಂದು ಊರಿನಲ್ಲಿ ನಮ್ಮ ಹುಡುಗಿಯರು ಮನೆಮನೆಗೆ ಹೋಗಿ ಆರೋಗ್ಯ ವಿಚಾರಿಸಬೇಕಿತ್ತು. ಆಮೇಲೆ ತಪಾಸಣೆಯ ತಂಡ ಬಂದು ಊರಿನವರನ್ನೇ ಕೇಳುತ್ತದೆ. ಅವರು 'ಹೌದು, ಬಂದಿದ್ದರು' ಎನ್ನದಿದ್ದರೆ ಹುಡುಗಿಯರು ವರ್ಷವಿಡೀ ನಡೆದದ್ದು ವ್ಯರ್ಥ, ಮತ್ತೆ ಮೊದಲಿನಿಂದ ಶುರು.

ಮೊದಲ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ, ಊರಿಗೆಲ್ಲ ಆಯಿ, ಕೂತಿದ್ದಳು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ, "ನಾ ಒಬ್ಬಾಕೀನೇ ಇರ್ತೇನಿ" ಎಂದಳು. ಬಾಗಿಲಲ್ಲಿ ಎಂಟು ಜೊತೆ ಚಪ್ಪಲಿ. ನಾವು ರೇಷನ್ ಕಾರ್ಡು ರದ್ದು ಮಾಡಲು ಬಂದವರೆಂದು ಅವಳ ಗುಮಾನಿ. ಆದರೂ ಬಂದವರನ್ನು ಚಹಾ ಕೊಡದೆ ಕಳಿಸುವ ರೂಢಿ ನಮ್ಮ ಕಡೆ ಇಲ್ಲ. ಆಯಿ ಕೂತಲ್ಲಿಂದ ಏಳಲಿಲ್ಲ. ಒಳಗೆ ಬಳೆ ಸದ್ದಾಯಿತು, ಬಾಗಿಲ ಸಂದಿಯಿಂದ ಐದು ಕಪ್ ಚಹಾ ಹೊರಬಂತು. ಯಾರು ಮಾಡಿದ್ದೆಂದು ನಮ್ಮ ಹುಡುಗಿಯರಲ್ಲೊಬ್ಬಳು, ಆಳಂದದವಳು, ಕೇಳಿದಳು. ಬಾಜೂ ಮನೆಯವಳು ಎಂದಳು ಆಯಿ.

ಬಾಜೂ ಮನೆಗೂ ಹೋದೆವು. ಅಲ್ಲಿಯೂ ಒಬ್ಬಳೇ ಇದ್ದಳು. ಅವಳ ಮನೆಯ ಚಹಾ ಆಯಿಯ ಮನೆಯಿಂದ ಬಂದಿತ್ತಂತೆ.

೩. ಜೋಳದ ಮೇಲಿನ ಆಣೆ

ಆಳಂದದ ಹುಡುಗಿ ಬಿಡುವವಳಲ್ಲ. ಪ್ರತಿ ಸೋಮವಾರ ಆಯಿಯ ಕಟ್ಟೆಗೆ ಹೋದಳು. ನೀನು ಹೇಳಿದ್ದನ್ನು ಯಾರ ಮುಂದೂ ಹೇಳುವುದಿಲ್ಲ, ನಮ್ಮ ಕಾಲೇಜಿನ ಬೋರ್ಡಿನ ಮೇಲೇ ಹಾಗೆ ಬರೆದಿದೆ ಎಂದಳು. ಬರೆದದ್ದನ್ನು ಆಯಿ ನಂಬುವುದುಂಟೇ? ಮೊರದಲ್ಲಿದ್ದ ಜೋಳದ ಮೇಲೆ ಕೈ ಇಡಿಸಿ ಆಣೆ ಮಾಡಿಸಿದಳು. ಆಮೇಲೆಯೇ ತೋಳು ಚಾಚಿ ಬಿಪಿ ನೋಡಿಸಿಕೊಂಡು, ಸೊಸೆಗೆ ಕಾಣದಂತೆ ಉಪ್ಪಿನಕಾಯಿ ತಿನ್ನುವುದನ್ನೂ ಒಪ್ಪಿಕೊಂಡಳು.

ಸುದ್ದಿ ಹಬ್ಬಿ ಓಣಿಯವರೆಲ್ಲ ಜೋಳ ಮುಂದಿಟ್ಟುಕೊಂಡು ಕೂತರು. ಎರಡು ತಿಂಗಳಲ್ಲಿ ಊರಿನ ಗುಟ್ಟೆಲ್ಲ ಆ ಹುಡುಗಿಯ ಹೊಟ್ಟೆಯಲ್ಲಿತ್ತು. ನಾನು ಪರಿಪರಿಯಾಗಿ ಕೇಳಿದೆ, ಒಂದನ್ನೂ ಹೇಳಲಿಲ್ಲ. ಅಷ್ಟು ಚೆನ್ನಾಗಿ ಪಾಠ ಹೇಳಬಾರದಿತ್ತು.

೪. ತಪಾಸಣೆ

ತಂಡದ ಹಿರಿಯ ಸಾಹೇಬರು ಬಿಸಿಲಲ್ಲಿ ಬಂದು ರಿಜಿಸ್ಟರ್ ತೆರೆದರು. ಈ ಹುಡುಗಿ ನಿಮ್ಮ ಮನೆಗೆ ಬರುತ್ತಾಳೋ ಎಂದು ಆಯಿಯನ್ನು ಕೇಳಿದರು. ಆಯಿ ರಿಜಿಸ್ಟರ್ ನೋಡಿದಳು, ಹುಡುಗಿಯ ಮುಖ ನೋಡಿದಳು.

"ಇಲ್ರಿ ಸಾಹೇಬ್ರ. ಈಕಿಗಿ ನಾ ಕಣ್ಣಿಲೇ ನೋಡಿಲ್ಲ."

ಹುಡುಗಿಯನ್ನು ಹಿಡಿಯಲು ಬಂದವರೆಂದು ಅವಳ ಲೆಕ್ಕ. ಓಣಿಯ ಹತ್ತು ಮನೆಯಲ್ಲೂ ಅದೇ ಉತ್ತರ, ಹತ್ತು ಮನೆಯಲ್ಲೂ ಚಹಾ. ಕಡೆಗೆ ಆಯಿಯ ಕಟ್ಟೆಗೇ ಮರಳಿ ಬಂದೆವು. ಹುಡುಗಿಯ ಕಣ್ಣಲ್ಲಿ ನೀರು. ನಾನು ಆಯಿಗೆ ಕಣ್ಸನ್ನೆ ಮಾಡಿದೆ. ಅವಳು ಗಾಬರಿಯಾಗಬೇಡ, ಗುಟ್ಟು ಬಿಡುವುದಿಲ್ಲ ಎಂಬಂತೆ ತಲೆಯಾಡಿಸಿದಳು.

ಅಷ್ಟರಲ್ಲಿ ಸಾಹೇಬರಿಗೆ ತಲೆ ಸುತ್ತಿ ಆಯಿಯ ಕಟ್ಟೆಯ ಮೇಲೇ ಕುಸಿದು ಕೂತರು. ಆಯಿ ಸೆರಗು ಸಿಕ್ಕಿಸಿ ಎದ್ದಳು.

"ಯವ್ವಾ, ಲಗೂನ ಬಿಪಿ ನೋಡು. ಸ್ವಾಮಾರಕ್ಕೊಮ್ಮಿ ನಂದು ನೋಡ್ತೀಯಲ್ಲ, ಹಂಗ."

ಅವರನ್ನು ಮಲಗಿಸಿ ಹುಡುಗಿ ತೋಳಿಗೆ ಪಟ್ಟಿ ಸುತ್ತಿದಳು. ನೀರು ಕುಡಿದು ಸುಧಾರಿಸಿಕೊಂಡ ಸಾಹೇಬರು ನಗತೊಡಗಿದರು. ಮಲಗಿದಲ್ಲಿಗೇ ರಿಜಿಸ್ಟರ್ ತರಿಸಿ ಸಹಿ ಹಾಕಿದರು. ನನಗೆ ಹೋದ ಜೀವ ಬಂತು.

ಅವರ ಜೊತೆ ಬಂದಿದ್ದ ಇನ್ನೊಬ್ಬರು ಪೆನ್ನು ತೆಗೆದು, ಸಾಹೇಬರ ಬಿಪಿ ಎಷ್ಟಿದೆ ಎಂದು ಹುಡುಗಿಯನ್ನು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಆಯಿ ನಡುವೆ ಬಂದು ನಿಂತಳು.

"ಹೇಳಬ್ಯಾಡ ಬೇ. ಇವ ಬರಕೋತಾನ, ಪಾಪ, ಸಾಹೇಬ್ರ ನೌಕರಿ ಹೋಗ್ತದ."