ಬಲ್ಬು ತೆಗೆದುಕೊಂಡ ಭಾವ

ನಮ್ಮ ಭಾವನಷ್ಟು ಖುಷಿಯಿಂದ ಬಲ್ಬು ತೆಗೆದುಕೊಂಡ ಮನುಷ್ಯ ಇಡೀ ಚೆನ್ನೈಯಲ್ಲಿ ಇನ್ನೊಬ್ಬನಿಲ್ಲ! ಈ ಊರಿನ ತಮಿಳಿನಲ್ಲಿ 'ಬಲ್ಬು ವಾಂಗಿಟ್ಟಾನ್' ಎಂದರೆ ಬೇಸ್ತು ಬಿದ್ದ ಎಂದರ್ಥ. ಭಾವನೋ, ದುಡ್ಡು ಕೊಟ್ಟು ಚೀಲದ ತುಂಬ ಬಲ್ಬು ತಂದು, ಟಿ. ನಗರದ ನನ್ನ ಹೋಟೆಲಿನ ಗಲ್ಲಾದ ಮೇಲೆ ಸುರಿದು, "ಬಲ್ಬು ವಾಂಗಿಟ್ಟೇನ್!" ಎಂದು ಎದೆಯುಬ್ಬಿಸಿ ಸಾರಿದರು. ಇಡ್ಲಿ ತಿನ್ನುತ್ತಿದ್ದ ಗಿರಾಕಿಗಳು ನೆತ್ತಿಗೆ ಹತ್ತುವಂತೆ ನಕ್ಕರು.

ಇಷ್ಟಕ್ಕೆಲ್ಲ ಕಾರಣ ನನ್ನ ಅಕ್ಕನ ನಾಲಿಗೆ. ಜ್ವರವೊಂದು ಬಂದು ಹೋಗುವಾಗ ಅವಳ ಬಾಯಿರುಚಿಯನ್ನೂ ಕಟ್ಟಿಕೊಂಡು ಹೋಗಿತ್ತು. ಆರನೇ ಕ್ಲಾಸಿಗೇ ಶಾಲೆ ಬಿಟ್ಟು, ಲೋಟ ತೊಳೆಯುವುದರಿಂದ ಶುರುಮಾಡಿ ಸ್ವಂತ ಹೋಟೆಲು ಕಟ್ಟಿದವನು ನಾನು. ನನ್ನ ಸಾಂಬಾರಿಗೆ ತಮಿಳರೇ ತಲೆದೂಗುತ್ತಾರೆ. ಅಂಥ ಸಾಂಬಾರನ್ನು ಅಕ್ಕ "ಮಣ್ಣುನೀರು" ಎಂದು ಪಕ್ಕಕ್ಕೆ ಸರಿಸಿದಳು! ದಿನದಿಂದ ದಿನಕ್ಕೆ ಸೊರಗಿದಳು. "ಹೇಗಾದರೂ ತಿನ್ನಿಸಿ" ಎಂದರು ಡಾಕ್ಟರು. ಕೊನೆಗೊಂದು ದಿನ ಅಕ್ಕನೇ, "ಊರಿನ ಬಸಳೆ ಹುಳಿ ಇದ್ದಿದ್ರೆ ಒಂದು ತುತ್ತು ಇಳೀತಿತ್ತೋ ಏನೋ" ಎಂದಳು.

"ಮಾರ್ಕೆಟಲ್ಲಿ ಬಸಳೆ ಸಿಗ್ತದಲ್ಲ ಭಾವ?" ಎಂದೆ.

"ಅದು ಬಸಳೆಯಾ ಮಾರಾಯ? ಕಾಗದದ ಹಾಗೆ ಎಲೆ!"

ಭಾವ ನಮ್ಮೂರು ಕುಂದಾಪುರದಿಂದ ದಪ್ಪ ಬಳ್ಳಿಯ ತುಂಡು ತರಿಸಿ, ಹೋಟೆಲಿನ ಮೇಲಿರುವ ತಮ್ಮ ಮನೆಯ ಹಾಲ್‌ನಲ್ಲೇ ಕುಂಡದಲ್ಲಿ ನೆಟ್ಟರು. ಬಿಸಿಲು? ಕಿಟಕಿಗೆ ಅಡ್ಡವಾಗಿ ಸೀರೆ ಅಂಗಡಿಯ ಗೋಡೆ! ಬೆಳಿಗ್ಗೆ ಒಂಚೂರು ಬಿಸಿಲು ಬಂದ ಹಾಗೆ ಮಾಡಿ ಹೋಗುತ್ತದೆ. "ಕಮ್ಮಿ ಬಿದ್ದದ್ದನ್ನು ನಾನು ತುಂಬಿಸ್ತೇನೆ" ಎಂದು ಭಾವ ಸೂರ್ಯನಿಗೇ ಸಹಾಯಕ್ಕೆ ನಿಂತರು.

ಮೊದಲು ಬಚ್ಚಲುಮನೆಯ ಬಲ್ಬನ್ನೇ ತಂದು ಮೇಲೆ ನೇತುಹಾಕಿದರು. ಅದರ ಮಂಕು ಬೆಳಕನ್ನು ಹಿಡಿಯಲು ಹೋಗಿ ಬಳ್ಳಿ ಬಿಳಿಚಿಕೊಂಡು ಶಾವಿಗೆಯಂತೆ ಉದ್ದವಾಯಿತು. ಗಿಡಗಳಿಗೆಂದೇ ಮಾಡಿದ ಎಲ್‌ಇಡಿ ಬಲ್ಬುಗಳು ಗಲ್ಲಾದ ಮೇಲೆ ಬಿದ್ದದ್ದು ಆಮೇಲೆ. ಅವನ್ನು ಬಳ್ಳಿಯಿಂದ ಗೇಣುದ್ದ ಮೇಲೆ ಕಟ್ಟಿದರು. ಮನೆಯೆಲ್ಲ ನೇರಳೆ ಬಣ್ಣ! ಎದುರುಮನೆಯವರು ಇಣುಕಿ, "ಎನ್ನ ಸಾರ್, ವೀಟ್ಟುಲ ಬಾರಾ?" ಎಂದು, ಮನೆಯಲ್ಲೇ ಬಾರ್ ತೆರೆದಿದ್ದೀರಾ ಎಂದು ಕೇಳಿದರು. "ಹೌದು, ಸೊಪ್ಪಿಗೆ ಮಾತ್ರ ಪ್ರವೇಶ" ಎಂದು ಭಾವ ತಮಿಳಿನಲ್ಲೇ ಉತ್ತರ ಕೊಟ್ಟರು.

ಬಳ್ಳಿಗೆ ಚಪ್ಪರ ಬೇಡವೇ? ಫ್ಯಾನಿಗೇ ಹಗ್ಗ ಬಿಗಿದರು. ಚೆನ್ನೈಯ ಮೇ ತಿಂಗಳಲ್ಲಿ ಫ್ಯಾನ್ ಬಂದ್!

"ಸೆಖೆಯಲ್ಲಿ ಸಾಯ್ತೇವೆ ಭಾವ!"

"ನಿಂಗೆ ಹೋಟೆಲಲ್ಲಿ ಎಸಿ ಉಂಟು. ಬಸಳೆಗೆ ಯಾರುಂಟು?"

ದೀಪ ಆರಿಸಿದ ಮೇಲಂತೂ ಪಿಸುಮಾತೇ. "ಮೆಲ್ಲ ಮಾರಾಯ, ಬಸಳೆ ಮಲಗಿದೆ!"

ಆದರೆ ಗೆದ್ದರು ನೋಡಿ! ಅಂಗೈಯಗಲದ ಎಲೆ, ಹೆಬ್ಬೆರಳು ದಪ್ಪದ ದಂಟು. ನೋಡಲು ಎದುರುಮನೆಯವರೇನು, ನಕ್ಕ ಗಿರಾಕಿಗಳೂ ಮೆಟ್ಟಿಲು ಹತ್ತಿ ಬಂದರು. ಭಾವ ಮದುವೆಮನೆಯ ಯಜಮಾನರಂತೆ ಎಲ್ಲರನ್ನೂ ಎದುರುಗೊಂಡರು. ಹುಳಿ ಮಾಡುವುದಕ್ಕೆ ನನ್ನನ್ನೂ ಒಳಗೆ ಬಿಡಲಿಲ್ಲ. ಜನ್ಮದಲ್ಲೇ ಸೌಟು ಹಿಡಿಯದ ಮನುಷ್ಯ, ಹಲಸಿನ ಬೀಜ ಹಾಕಿ ತಾವೇ ಕುದಿಸಿ ಅಕ್ಕನಿಗೆ ಬಡಿಸಿದರು.

ಅಕ್ಕ ಒಂದು ತುತ್ತು ಬಾಯಿಗಿಟ್ಟಳು. ಮುಖ ಕಿವಿಚಿದಳು. ಭಾವನ ಕೈಯ ಸೌಟು ಅಲ್ಲೇ ನಿಂತಿತು.

"ಹೋಯ್, ಇದಕ್ಕೆ ಉಪ್ಪು ಹಾಕಿದ್ರಾ ಇಲ್ವಾ?"

ನಾನು ಬೆರಳದ್ದಿ ನೆಕ್ಕಿದೆ. ಉಪ್ಪೇ ಇಲ್ಲ! ಏನು ಕೊಟ್ಟರೂ ಒಂದೇ ಎನ್ನುತ್ತಿದ್ದವಳಿಗೆ ಅದು ಗೊತ್ತಾಗಿತ್ತು.

ಉಪ್ಪು ತರಲು ಒಳಗೆ ಹೋದ ಭಾವ ಹೊರಗೆ ಬರಲೇ ಇಲ್ಲ. ಇಣುಕಿದೆ. ಉಪ್ಪಿನ ಭರಣಿಯನ್ನು ಎದೆಗವಚಿಕೊಂಡು, ಗೋಡೆಗೆ ಮುಖ ಮಾಡಿ ನಿಂತಿದ್ದರು. ಭುಜ ಕುಲುಕುತ್ತಿತ್ತು.

ಹಿಂದಿನಿಂದ ಅಕ್ಕನ ಕೂಗು: "ಬೇಗ ತನ್ನಿ ಅಂದೆ, ಹಸಿವಾಗ್ತದೆ ನಂಗೆ!"