ಮದುವೆ ಕಾರಿನ ಕಪ್ಪು ಚುಕ್ಕೆ

ಕಾರನ್ನು ತೊಳೆಯಬಾರದಿತ್ತು, ಅಷ್ಟೇ. ಸುಮ್ಮನೆ ಕಾಫಿ ಕುಡಿದುಕೊಂಡು ಕೂತಿದ್ದರೆ ಈಶ್ವರನ ಆ ಭಾನುವಾರವೂ ಉಳಿದ ಭಾನುವಾರಗಳ ಹಾಗೆ ನೆಮ್ಮದಿಯಾಗಿ ಕಳೆದುಹೋಗುತ್ತಿತ್ತು. ಆದರೆ ಮಾವನ ಮನೆಯ ಕೆಂಪು ಮಾರುತಿ ಶಿಕಾರಿಪುರದ ತನ್ನ ಬಾಡಿಗೆ ಮನೆಯ ಮುಂದೆ ನಿಂತಿರುವಾಗ, ಬೀದಿಯವರೆಲ್ಲ ಬಗ್ಗಿ ಬಗ್ಗಿ ನೋಡುತ್ತಿರುವಾಗ, ಸೊಸೈಟಿ ಗುಮಾಸ್ತನೊಬ್ಬ ಸುಮ್ಮನೆ ಕೂರುವುದುಂಟೇ? ಪಂಚೆ ಎತ್ತಿ ಕಟ್ಟಿ, ಬಕೆಟ್ ಹಿಡಿದು ಇಳಿದೇಬಿಟ್ಟ.

ಬಲಗಡೆಯ ಕನ್ನಡಿಯ ಬೆನ್ನನ್ನು ಸೋಪಿನ ಬಟ್ಟೆಯಿಂದ ಒಂದು ಸುತ್ತು ಉಜ್ಜಿದ್ದಷ್ಟೇ. ರೂಪಾಯಿ ಅಗಲದ ಕೆಂಪು ಚಕ್ಕೆಯೊಂದು ಬಟ್ಟೆಗೆ ಅಂಟಿಕೊಂಡು ಬಂತು. ಅದರಡಿಯ ಕಪ್ಪು ಪ್ಲಾಸ್ಟಿಕ್ಕು ಅವನನ್ನೇ ದಿಟ್ಟಿಸಿ ನೋಡಿತು.

ಬೇರೆಲ್ಲಾದರೂ ಬಣ್ಣ ಹೋಗಿದ್ದರೆ ಹೋಗಲಿ ಎನ್ನಬಹುದಿತ್ತು. ಈ ಕನ್ನಡಿಯ ಸಂಗತಿ ಹಾಗಲ್ಲ. ಕಾರು ಕೊಂಡಾಗ ಅದು ಕಪ್ಪಗೇ ಇತ್ತು. ಮಾವನ ಕಿರಿಯ ಮಗಳು ಜ್ಯೋತಿಲಕ್ಷ್ಮಿಯ ಮದುವೆ ಗೊತ್ತಾದ ಕೂಡಲೇ ಸೊರಬದ ಅತ್ತೆ ತಕರಾರು ತೆಗೆದರು. "ಮದುಮಗಳು ಕೂರೋ ಕಾರು. ಮುಂದ್ಗಡೆ ಕಪ್ಪು ಅನ್ನೋದು ಎಳ್ಳುಕಾಳಷ್ಟೂ ಕಾಣಬಾರ್ದು" ಎಂದು ಹಟ ಹಿಡಿದು, ಕನ್ನಡಿಗೂ ಕಾರಿನದೇ ಕೆಂಪು ಬಳಿಸಿದ್ದರು. ಹಾಗಾದರೆ ಟೈರಿನ ಗತಿಯೇನು ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಹಿಂದಿನ ಸಂಜೆ ಮಾವ ಪಂಚಾಕ್ಷರಪ್ಪನವರೇ ಕಾರು ತಂದು ನಿಲ್ಲಿಸಿ, ಕೀಲಿಯನ್ನು ಅಳಿಯನ ಕೈಗಿಟ್ಟಿದ್ದರು. "ನಾಳೆ ಸಂಜೆ ಗಂಗಾಶ್ರೀನ ಕರ್ಕೊಂಡು ಇದ್ರಲ್ಲೇ ಬನ್ನಿ ಅಳಿಯಂದ್ರೆ. ಒಂದು ಗೀರೂ ಇಲ್ದೆ ತಂದ್ರೆ ಮದುವೆ ದಿನ ಮದುಮಗಳ ಕಾರು ನೀವೇ ಓಡ್ಸೋದು" ಎಂದು ಹೇಳಿ, ಬಸ್ಸು ಹತ್ತಿ ಊರಿಗೆ ಮರಳಿದ್ದರು. ಹಿಂದೊಮ್ಮೆ ಮಾವನ ಮೋಪೆಡ್ಡನ್ನು ಚರಂಡಿಗೆ ಇಳಿಸಿದ್ದ ಈಶ್ವರನಿಗೆ ಆ ಮನೆಯವರು ಆಮೇಲೆ ಸೈಕಲ್ಲನ್ನೂ ಕೊಟ್ಟವರಲ್ಲ. ಹೂವಿನ ಕಾರಿನ ಸ್ಟೇರಿಂಗ್ ಹಿಡಿದು ಸೊರಬದ ಪೇಟೆಯಲ್ಲಿ ನಿಧಾನವಾಗಿ ಸಾಗಿಬರುವುದೆಂದರೆ ಅವನಿಗೆ ಹೋದ ಮಾನ ಮರಳಿ ಬಂದಂತೆ.

"ಏನ್ರೀ ಈಶ್ವರ್, ಬಣ್ಣ ಕಿತ್ರಾ?"

ಎದುರುಮನೆಯ ನಾಗರಾಜಪ್ಪ ಕಟ್ಟೆಯಿಂದಿಳಿದು ಬಂದರು. ಜೀವಮಾನವಿಡೀ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು; ಗಾಲಿ ಇರುವ ಯಾವುದರ ಬಗ್ಗೆಯಾದರೂ ತಮ್ಮದೇ ಕೊನೆಯ ಮಾತು ಎಂದು ನಂಬಿದವರು. "ಪ್ಲಾಸ್ಟಿಕ್ ನುಣುಪು ಕಣ್ರೀ. ಕೆರೀದೆ ಬಳಿದ್ರೆ ಹಿಂಗೇ ಏಳೋದು. ಪೂರಾ ಕೆರೆದು ಹೊಸದಾಗಿ ಬಳೀಬೇಕು. ತಡೀರಿ, ಮಾಸ್ತಪ್ಪನ್ನ ಕರ್ಕೊಂಡು ಬರ್ತೀನಿ."

"ಬ್ಯಾಡ್ರೀ, ಒಂದು ಚೂರು ಜಾಗ ಅಷ್ಟೇ..." ಎನ್ನುವಷ್ಟರಲ್ಲಿ ಅವರು ಮೂಲೆ ತಿರುಗಿಯಾಗಿತ್ತು.

ಮಾಸ್ತಪ್ಪ ಅಂಗಡಿ ಬೋರ್ಡು ಬರೆಯುವವನು. ಹಬ್ಬ ಬಂತೆಂದರೆ ಎತ್ತಿನ ಕೋಡಿಗೆ ಬಣ್ಣ ಬಳಿಯುವವನು. ಕನ್ನಡಿಯನ್ನು ಸವರಿ ನೋಡಿ ನಕ್ಕ. "ಇದೇನ್ ಮಹಾ! ಕೋಡು ಇದ್ದಂಗೇ ಐತಿ. ನಾ ಬಳಿದ ಕೋಡು ಎತ್ತು ಗ್ವಾಡಿಗೆ ತಿಕ್ಕಿದ್ರೂ ಬಣ್ಣ ಬಿಡಂಗಿಲ್ಲ." ಎಮರಿ ಪೇಪರ್ ಹಿಡಿದು ಕೂತವನು ಕನ್ನಡಿಯ ಕೆಂಪನ್ನೆಲ್ಲ ಕೆರೆದು ಪುಡಿ ಮಾಡಿದ.

ಕಾಫಿ ತಂದ ಹೆಂಡತಿ ಗಂಗಾಶ್ರೀ ಲೋಟ ಬೀಳಿಸುವುದೊಂದು ಬಾಕಿ. "ಅಯ್ಯಯ್ಯೋ! ಚುಕ್ಕೆ ಎದ್ದಿದೆ ಅಂತ ಇಡೀ ಕನ್ನಡೀನೇ ಕಪ್ಪು ಮಾಡಿಟ್ಟಿದೀರಲ್ರೀ! ಅಮ್ಮ ನೋಡಿದ್ರೆ ಮದುವೇನೇ ನಿಲ್ಲಿಸ್ತಾಳೆ!"

ಮಾಸ್ತಪ್ಪನ ಕೈ ಧಾರಾಳ. ಮೊದಲ ಸಲ ಬಳಿದ ಬಣ್ಣ ಕನ್ನಡಿಯಿಂದ ಇಳಿದು ಬಾಗಿಲ ಮೇಲೆಲ್ಲ ಹರಿಯಿತು. ಒರೆಸಿ ಮತ್ತೆ ಬಳಿದರು. ಬೇಗ ಒಣಗಲಿ ಎಂದು ನಾಗರಾಜಪ್ಪ ತಮ್ಮ ಮನೆಯ ಇಸ್ತ್ರಿಪೆಟ್ಟಿಗೆಯನ್ನು ಕೆಂಡದ ಸಮೇತ ತಂದು ಹತ್ತಿರ ಹಿಡಿದರು. ಬಣ್ಣ ಹಪ್ಪಳದಂತೆ ಉಬ್ಬಿತು. "ನಮ್ಮ ಬಸ್ಸಿಗೆಲ್ಲ ಹಿಂಗಾಗ್ತಿರಲಿಲ್ಲ" ಎಂದು ಅವರು ಕಾರಿನ ಕಂಪನಿಯನ್ನು ಬೈದರು. ಈಶ್ವರನಿಗೆ ಅಳು ಬಂತು. ಹಾರ್ಡ್‌ವೇರ್ ಅಂಗಡಿಯವನ ಮನೆಗೇ ಓಡಿ, ಕೈಕಾಲು ಹಿಡಿದು, ಬಣ್ಣ ಕಚ್ಚಿಕೊಳ್ಳಲು ಅಡಿಗೆ ಹಚ್ಚುವ ಪ್ರೈಮರ್ ತಂದ. ಮೂರನೆಯ ಸಲ ಕೆರೆದು, ಸೋಪಿನ ಜಿಡ್ಡೆಲ್ಲ ತೊಳೆದು, ಒಣಗಿಸಿ, ಪ್ರೈಮರ್ ಹಚ್ಚಿ, ಅದರ ಮೇಲೆ ತೆಳ್ಳಗೆ ಒಂದೊಂದೇ ಕೈ ಕೆಂಪು ಬಳಿದರು. ಕೊನೆಗೆ ಚಕ್ಕೆ ಏಳದಿರಲೆಂದು ಮೇಲೊಂದು ಕೈ ವಾರ್ನಿಷ್. ಕನ್ನಡಿ ಫಳಫಳ ಹೊಳೆಯಿತು.

ನಿಟ್ಟುಸಿರು ಬಿಟ್ಟ ಈಶ್ವರ ಕೈ ತೊಳೆಯಲು ಒಳಗೆ ಹೋದ. ಬರುವಷ್ಟರಲ್ಲಿ ಪಕ್ಕದ ಮನೆಯ ಶಕುಂತಲಮ್ಮ ಪೂಜೆ ತಟ್ಟೆ ಹಿಡಿದು ನಿಂತಿದ್ದರು. "ಹೊಸ ಕಾರು ತಂದು ಒಂದು ಮಾತೂ ಹೇಳ್ಲಿಲ್ವಲ್ಲೋ ಈಶ್ವರ! ಇರ್ಲಿ, ನಾನೇ ವಿಭೂತಿ ಹಚ್ಚಿದೀನಿ ನೋಡು" ಎಂದರು. ಹಸಿ ವಾರ್ನಿಷ್ಷಿನ ಮೇಲೆ ಮೂರು ಬೆರಳಿನ ವಿಭೂತಿ ಕಲ್ಲಿನಲ್ಲಿ ಕೆತ್ತಿದಂತೆ ಕೂತಿತ್ತು.

"ಹೋಗ್ಲಿ ಬಿಡ್ರಿ" ಎಂದ ಮಾಸ್ತಪ್ಪ. "ಬಿಳೀದು ಶುಭಾನೇ. ಕರೇದು ಕಾಣಂಗಿಲ್ಲಲ್ಲ?"

ಅದೇ ಸಮಾಧಾನದಲ್ಲಿ ಗಂಡ ಹೆಂಡತಿ ಸಂಜೆ ಹೊರಟರು. ಎದುರು ಬಸ್ಸು ಬಂದರೆ ಜಲ್ಲಿ ಸಿಡಿದು ಹೊಸ ಬಣ್ಣಕ್ಕೆ ಬಡಿದೀತೆಂದು ಈಶ್ವರ ಪ್ರತಿ ಸಲವೂ ಕಾರನ್ನು ಬದಿಗೆ ಇಳಿಸಿ ನಿಲ್ಲಿಸುತ್ತಿದ್ದ. ಹಿಂದಿನ ಸೀಟಿನ ಗಂಗಾಶ್ರೀ ಕಿಟಕಿಯಿಂದ ಕೊಡೆ ಬಿಚ್ಚಿ ಕನ್ನಡಿಗೆ ಅಡ್ಡ ಹಿಡಿಯುತ್ತಿದ್ದಳು. ಶಿರಾಳಕೊಪ್ಪದಲ್ಲಿ ಜನ ನಿಂತು ನಕ್ಕರು. ನಗಲಿ, ಅವನಿಗೇನು? ಕಾರಿಗೆ ಒಂದು ಗೀರೂ ಬೀಳಲಿಲ್ಲ.

ಸೊರಬದ ಮನೆಯ ಮುಂದೆ ಚಪ್ಪರ ಏಳುತ್ತಿತ್ತು. ಅತ್ತೆ ಅಂಗಳಕ್ಕೆ ಬಂದವರೇ ಮರುಕದಿಂದ ಹೇಳಿದರು: "ಬನ್ನಿ ಅಳಿಯಂದ್ರೆ. ಆಗಿದ್ದು ಆಯ್ತು, ಬೇಜಾರು ಮಾಡ್ಕೋಬೇಡಿ. ಕನ್ನಡೀನ ಕಂಬಕ್ಕೆ ತಾಗಿಸಿದ್ರಂತಲ್ಲ?"

ಈಶ್ವರ ಕನ್ನಡಿಯ ಕಡೆ ತಿರುಗಿ ನೋಡಿದ. "ಯಾ... ಯಾರು ಹೇಳಿದ್ರು ಅತ್ತೆ?"

"ಇನ್ಯಾರು, ಇವ್ರೇ. ನಿನ್ನೆ ಬಸ್ಸಿಳಿದು ಬಂದೋರೇ ಹೇಳಿದ್ರು. ಕೀಲಿ ಕೈಗೆ ಕೊಟ್ಟ ಗಳಿಗೇಲೇ ತಾಗಿಸಿಬಿಟ್ರು, ರೂಪಾಯಿ ಅಗಲ ಕಪ್ಪು ಕಾಣ್ತದೆ ಅಂತ."

ನಿನ್ನೆ! ಚಕ್ಕೆ ಎದ್ದದ್ದು ಇವತ್ತು ಬೆಳಿಗ್ಗೆ. ಈಶ್ವರ ಕಾರನ್ನು ಮೊದಲು ಓಡಿಸಿದ್ದೇ ಇವತ್ತು ಸಂಜೆ. ಅವನು ಮಾವನ ಕಡೆ ನೋಡಿದ. ಪಂಚಾಕ್ಷರಪ್ಪನವರು ಚಪ್ಪರದ ಗಳುಗಳನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು. ಆಮೇಲೆ ಅವನ ತೋಳು ಹಿಡಿದು ಬದಿಗೆ ಎಳೆದೊಯ್ದರು.

"ಮಾನ ಉಳ್ಸಿ ಮಾರಾಯ್ರೆ" ಎಂದು ಪಿಸುಗುಟ್ಟಿದರು. "ದಾರೀಲಿ ಚಾ ಅಂಗಡಿ ಕಂಬಕ್ಕೆ ತಾಗ್ಸಿದ್ದು ನಾನೇ. ಎದ್ದ ಚಕ್ಕೇನ ಗೋಂದು ಹಚ್ಚಿ ಕೂರ್ಸಿ, ನಿಮ್ಮ ಮನೆ ಮುಂದೆ ಬಿಟ್ಟು ಬಂದೆ. ನಿಮ್ಮತ್ತೆಗೆ ಗೊತ್ತಾದ್ರೆ ನಾನು ಈ ಮನೇಲಿ ಬದುಕೋ ಹಾಗಿಲ್ಲ. ನಿಮಗಾದ್ರೆ ಹೆಂಗೂ ಹೆಸರು ಕೆಟ್ಟೇ ಇದೆ."

ಅಷ್ಟರಲ್ಲಿ ಅತ್ತೆ ಕನ್ನಡಕ ಏರಿಸಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕನ್ನಡಿಯ ಮುಂದೆ ನಿಂತಿದ್ದರು. "ಏನ್ರೀ, ಎಲ್ಲಿದೆ ಕಪ್ಪು? ವಿಭೂತಿ ಹಚ್ಚಿಸ್ಕೊಂಡು ದೇವರ ಹಾಗೆ ಕೂತಿದೆಯಲ್ಲ! ಅಳಿಯನ ಮೇಲೆ ಸುಳ್ಳು ಹೇಳಿದ್ರಾ?"

ಒಂದೇ ಮಾತು ಸಾಕಿತ್ತು. ಹೌದು ಅತ್ತೆ ಎಂದಿದ್ದರೆ ಸ್ಟೇರಿಂಗ್ ಈಶ್ವರನದೇ. ಆದರೆ ಮಾವನ ಮುಖ ಹಿಂಡಿದ ಬಟ್ಟೆಯಂತಾಗಿತ್ತು. "ಒಪ್ಕೊಳ್ಳಿ, ಕಾರು ನಿಮ್ಮ ಕೈಗೇ ಕೊಡ್ಸೋದು ನನ್ನ ಜವಾಬ್ದಾರಿ" ಎಂದು ಕಿವಿಯಲ್ಲಿ ಬೇರೆ ಅಂದರು. ಈಶ್ವರ ಕರಗಿಹೋದ.

"ಸುಳ್ಳಲ್ಲ ಅತ್ತೆ. ತಾಗಿಸಿದ್ದು ನಾನೇ. ಇವತ್ತು ಬಣ್ಣ ಬಳಿಸಿ ತಂದೆ."

"ನಿಜ ಒಪ್ಕೊಂಡ್ರಲ್ಲ, ದೊಡ್ಡ ಮನಸ್ಸು" ಎಂದು ಅತ್ತೆ ಕರಗಿದರು.

ಪಂಚಾಕ್ಷರಪ್ಪನವರು ಗಂಟಲು ಸರಿಮಾಡಿಕೊಂಡರು. "ಅದ್ಕೇ ನಾನನ್ನೋದು, ಮದುವೆ ದಿನ ಅಳಿಯಂದ್ರೇ ಕಾರು..."

"ಬಾಯ್ಮುಚ್ಕೊಳ್ಳಿ! ತಾಗಿಸಿದೀನಿ ಅಂತ ಅವ್ರೇ ಹೇಳ್ತಿದ್ರೆ ಮತ್ತೆ ಅವ್ರ ಕೈಗೇ ಕೊಡ್ತೀರಾ? ನೀವೇ ಓಡ್ಸಿ. ಇಷ್ಟು ವರ್ಷಕ್ಕೆ ಒಂದು ಗೀರು ಹಾಕ್ದೋರಲ್ಲ ನೀವು."

"ನೀನು ಹೇಳಿದ್ಮೇಲೆ ಮುಗೀತು" ಎಂದವರೇ ಮಾವ ಈಶ್ವರನ ಕೈಯಿಂದ ಕೀಲಿ ತೆಗೆದುಕೊಂಡರು. ವಾದ ಮಾಡುವ ಗೋಜಿಗೇ ಹೋಗಲಿಲ್ಲ.

ಮದುವೆಯ ದಿನ ಹೂವಿನ ಕಾರು ಮುಂದೆ ಹೋಯಿತು. ಸ್ಟೇರಿಂಗ್ ಹಿಡಿದ ಪಂಚಾಕ್ಷರಪ್ಪನವರು ದಾರಿಯುದ್ದಕ್ಕೂ ಜನರಿಗೆ ಕೈ ಮುಗಿದರು. ಅದರ ಹಿಂದೆ ಅಡುಗೆ ಪಾತ್ರೆ ತುಂಬಿದ ಟ್ರ್ಯಾಕ್ಟರ್ ಹೊರಟಿತ್ತು. ಈಶ್ವರ ಟ್ರೈಲರಿನಲ್ಲಿ ಕೂತು, ಸಾರಿನ ಹಂಡೆ ಉರುಳದಂತೆ ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡಿದ್ದ.