ಬಾನೆಟ್ ಮೇಲಿನ ಸ್ಟೆಪ್ನಿ

ಸ್ಟೆಪ್ನಿಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವ ಗಂಡು ಇನ್ನೂ ಹುಟ್ಟಿಲ್ಲ! ಹೀಗೆಂದು ಕಳೆದ ಆಗಸ್ಟ್‌ವರೆಗೂ ಎದೆ ತಟ್ಟಿ ಹೇಳುತ್ತಿದ್ದೆ. ಹೇಳದೆ ಏನು ಮಾಡಲಿ? ಪಂಚರ್ ಆದಾಗಲೆಲ್ಲ ನೀವು ನೆನೆಯುವ ಆ ‘ಸ್ಟೆಪ್ನಿ’ ಎಂಬ ಹೆಸರು ಹುಟ್ಟಿದ್ದೇ ನಮ್ಮ ವೇಲ್ಸ್ ನಾಡಿನ ಲನೆಲ್ಲಿ ಪೇಟೆಯ ಬೀದಿಯೊಂದರಲ್ಲಿ. ನಮ್ಮ ಕುರಿಗುಡ್ಡದಿಂದ ಇಪ್ಪತ್ತೇ ಮೈಲಿ. ಅಂದಮೇಲೆ ಅದನ್ನು ಗಾಡಿಯಲ್ಲಿ ಎಲ್ಲಿಡಬೇಕೆಂಬ ಜ್ಞಾನ ನನಗೆ ರಕ್ತದಲ್ಲೇ ಬಂದಿರಬೇಡವೇ!

ಅಪ್ಪ ಬಿಟ್ಟುಹೋದ ಅರವತ್ತೆರಡನೇ ಇಸವಿಯ ಜೀಪೊಂದು ನನ್ನ ಬಳಿ ಇದೆ. ಅದರ ಸ್ಟೆಪ್ನಿ ಬಹಳ ವರ್ಷ ಹಿಂದುಗಡೆ, ಮೆಗ್ ಕೂರುವ ಜಾಗದಲ್ಲಿ ಬಿದ್ದುಕೊಂಡಿತ್ತು. ಮೆಗ್ ಎಂದರೆ ನಮ್ಮ ಕುರಿ ಕಾಯುವ ನಾಯಿ. ನಮ್ಮ ಎಂದೆನೇ? ತಪ್ಪಾಯಿತು, ನನ್ನ ಹೆಂಡತಿ ಮೆರೆರಿಡ್‌ಳ ನಾಯಿ. ನಾನು ಕರೆದರೆ ಅದು ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ವಯಸ್ಸಾದ ನಾಯಿಗೆ ಕಾಲು ಚಾಚಲು ಜಾಗ ಬೇಕೆಂದು ಸ್ಟೆಪ್ನಿಯನ್ನು ಹಿಂಬಾಗಿಲಿಗೆ ಜೋಡಿಸಿದೆ. ಮೂರನೇ ದಿನ ಬಾಗಿಲೇ ಕಳಚಿ ನನ್ನ ಕಾಲ ಮೇಲೆ ಬಿತ್ತು!

“ಇನ್ನು ಬಾನೆಟ್ ಮೇಲೇ!” ಎಂದು ಕುಂಟುತ್ತಲೇ ಘೋಷಿಸಿದೆ. “ಅಪ್ಪ ಇಡ್ತಿದ್ದದ್ದೂ ಅಲ್ಲೇ.”

“ನಿಮ್ಮಪ್ಪ ಆರಡಿ ಇದ್ರು, ಇದ್ವಾಲ್. ನಾನು ಓಡಿಸೋವಾಗ ಆ ಚಕ್ರ ಬಿಟ್ರೆ ಬೇರೇನೂ ಕಾಣಲ್ಲ,” ಎಂದಳು ಮೆರೆರಿಡ್.

“ಕಾಣೋಕೆ ಏನಿದೆ? ಕುರಿ, ಮಳೆ. ನಲವತ್ತು ವರ್ಷ ನೋಡಿದ್ದು ಸಾಲದಾ?”

“ಆ ನಟ್ಟನ್ನಾದ್ರೂ ಸ್ಪ್ಯಾನರ್ ಹಾಕಿ ಬಿಗಿ, ಮಾರಾಯ.”

“ಅಪ್ಪ ಕೈಯಲ್ಲೇ ಬಿಗೀತಿದ್ರು!”

“ನಿಮ್ಮಪ್ಪನ ಕೈನೂ ನೋಡಿದ್ದೀನಿ, ನಿನ್ನ ಕೈನೂ ನೋಡಿದ್ದೀನಿ.”

ಗಂಡಸಾದವನು ಸಹಿಸುವ ಮಾತೇ ಇದು? ಹಲ್ಲು ಕಚ್ಚಿ ಬರಿಗೈಯಲ್ಲೇ ಬಿಗಿದೆ. ಬಿಗಿದೆ ಎಂದುಕೊಂಡೆ.

ಮರುದಿನ ಕಣಿವೆಯಲ್ಲಿ ಕುರಿನಾಯಿಗಳ ಪಂದ್ಯ. ನಾಯಿ ದೂರದ ಗುಡ್ಡದಿಂದ ಐದು ಕುರಿಗಳನ್ನು ಅಟ್ಟಿಕೊಂಡು ಬಂದು, ಎರಡು ಗೇಟು ದಾಟಿಸಿ, ಪುಟ್ಟ ದೊಡ್ಡಿಯೊಳಗೆ ಕೂಡಬೇಕು. ಒಡತಿ ಸಿಳ್ಳೆ ಹಾಕಬಹುದು, ದೊಡ್ಡಿಯ ಬಾಗಿಲಿನ ಹಗ್ಗ ಹಿಡಿದು ನಿಲ್ಲಬಹುದು, ಕುರಿಯನ್ನು ಮಾತ್ರ ಮುಟ್ಟುವಂತಿಲ್ಲ. ಎಂಟು ವರ್ಷದಲ್ಲಿ ಮೆರೆರಿಡ್ ಮೂರು ಸಲ ಎರಡನೆಯವಳಾಗಿದ್ದಳು, ಮೊದಲನೆಯವಳು ಒಮ್ಮೆಯೂ ಆಗಿರಲಿಲ್ಲ. ಮೆಗ್‌ಗೆ ಹತ್ತು ತುಂಬಿತ್ತು. “ಇದೇ ಕೊನೇ ಸಲ, ಇದ್ವಾಲ್. ಅವಳ ಮಂಡಿ ಸೋತಿದೆ,” ಎಂದು ಬೆಳಿಗ್ಗೆ ನಾಯಿಯ ಕೂದಲು ಬಾಚುತ್ತ ಹೇಳಿದಾಗ ಅವಳ ದನಿ ನಡುಗಿತು.

ನೋಡಲು ಬಂದವರೆಲ್ಲ ವಾಡಿಕೆಯಂತೆ ಇಳಿಜಾರಿನ ಮೇಲೆ ಗಾಡಿಗಳನ್ನು ಸಾಲಾಗಿ, ಅಡ್ಡಡ್ಡ ನಿಲ್ಲಿಸಿದ್ದೆವು. ಕೆಳಗೆ ಮೆಗ್ ಏನು ಓಡಿದಳು ಅಂತೀರಿ! ಕುರಿಗಳು ಮೊದಲ ಗೇಟು ದಾಟಿದವು, ಎರಡನೆಯದನ್ನೂ ದಾಟಿದವು. ಒಂದು ಅಂಕವೂ ಹೋಗಿರಲಿಲ್ಲ. ಅಷ್ಟರಲ್ಲಿ ಪಕ್ಕದ ಹೊಲದ ಟೆಗ್ವಿನ್ ಬಂದು ನನ್ನ ಜೀಪಿನ ಮುಂದೆ ನಿಂತ.

“ಬಾನೆಟ್ ಮೇಲಾ? ಇಂಜಿನ್ ನೋಡಬೇಕಾದ್ರೆ ಕ್ರೇನ್ ತರಿಸ್ತೀಯೇನೋ?”

“ಕ್ರೇನಾ! ಒಂದೇ ಕೈ ಸಾಕು, ನೋಡು!”

ಚಕ್ರದ ಸಮೇತ ಬಾನೆಟ್ ಎತ್ತಿದೆ. ‘ಟಿಣ್’ ಎಂದು ನಟ್ಟು ಹಾರಿತು. ಚಕ್ರ ಜಾರಿ, ಮಡ್‌ಗಾರ್ಡಿನ ಮೇಲೆ ಪುಟಿದು, ಹುಲ್ಲಿಗೆ ಬಿತ್ತು. ಬಿದ್ದದ್ದು ಮಲಗಬಹುದಿತ್ತು. ಮಲಗಲಿಲ್ಲ! ಎದ್ದು ನಿಂತು ಇಳಿಜಾರಿನಲ್ಲಿ ಉರುಳತೊಡಗಿತು!

“ಅಯ್ಯಯ್ಯೋ, ಇದ್ವಾಲ್!” ಎಂದ ಟೆಗ್ವಿನ್.

ಕೆಳಗೆ ಐದೂ ಕುರಿ ದೊಡ್ಡಿಯ ಬಾಗಿಲಲ್ಲಿದ್ದವು. ಇನ್ನು ಎರಡು ಹೆಜ್ಜೆ. ಮೆರೆರಿಡ್ ಹಗ್ಗ ಹಿಡಿದು ಉಸಿರು ಬಿಗಿಹಿಡಿದಿದ್ದಳು. ಚಕ್ರ ಬೇಲಿ ಹಾರಿ ಮೈದಾನಕ್ಕೆ ನುಗ್ಗಿತು. ಕುರಿಗಳು ಬೆದರಿ ಚೆಲ್ಲಾಪಿಲ್ಲಿಯಾದವು. ಮೆಗ್ ಕುರಿಗಳನ್ನು ನೋಡಿದಳು, ಚಕ್ರವನ್ನು ನೋಡಿದಳು. ಅವಳಿಗೆ ಗೊತ್ತಿದ್ದ ಧರ್ಮ ಒಂದೇ: ಯಾವುದು ಎಲ್ಲಕ್ಕಿಂತ ಜೋರಾಗಿ ಓಡುತ್ತದೋ ಅದನ್ನು ಮೊದಲು ತಡೆಯಬೇಕು!

ಸಿಳ್ಳೆಗೂ ಜಗ್ಗದೆ ಓಡಿದಳು. ನಾಯಿ ಸತ್ತೇಹೋಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ. ತೆರೆದರೆ, ವೇಗ ಕಳೆದುಕೊಂಡು ಓಲಾಡುತ್ತಿದ್ದ ಚಕ್ರದ ಪಕ್ಕದಲ್ಲೇ ಮೆಗ್ ಬಾಗಿ ಓಡುತ್ತಿದ್ದಾಳೆ! ಭುಜ ತಾಗಿಸಿದಳು. ಚಕ್ರ ತಿರುಗಿತು. ಮತ್ತೆ ತಾಗಿಸಿದಳು. ನೇರವಾಗಿ ದೊಡ್ಡಿಯೊಳಗೆ ಹೋಗಿ, ಗಿರಗಿರನೆ ಸುತ್ತಿ, ದೊಪ್ಪೆಂದು ಮಲಗಿತು! ಮೆಗ್ ಬಾಗಿಲಲ್ಲಿ ಕುಕ್ಕರಿಸಿದಳು. ಎಂಟು ವರ್ಷದ ಅಭ್ಯಾಸಬಲ ನೋಡಿ, ಮೆರೆರಿಡ್ ಹಗ್ಗ ಎಳೆದು ಬಾಗಿಲು ಹಾಕಿಯೇಬಿಟ್ಟಳು!

ಐದೂ ಕುರಿ ಹೊರಗೆ ಮೇಯುತ್ತಿದ್ದವು. ಧ್ವನಿವರ್ಧಕದಲ್ಲಿ ತೀರ್ಪುಗಾರರು ಕೆಮ್ಮಿದರು.

“ಇಂಥ ಕೆಲಸ ನಾನು ಜನ್ಮದಲ್ಲಿ ನೋಡಿಲ್ಲ. ಆದ್ರೆ ಒಳಗಿರೋದು ಕುರಿ ಅಲ್ಲ. ಸೊನ್ನೆ.”

ನಾನು ಓಡಿದೆ. ಮೆರೆರಿಡ್ ಮಂಡಿಯೂರಿ ಮೆಗ್‌ಳ ನಾಲ್ಕೂ ಕಾಲುಗಳನ್ನು ಒಂದೊಂದಾಗಿ ಸವರಿ ನೋಡುತ್ತಿದ್ದಳು. ನನ್ನತ್ತ ತಿರುಗಲೇ ಇಲ್ಲ.

“ಬಯ್ಯೇ, ಮೆರೆರಿಡ್. ಏನಾದ್ರೂ ಬಯ್ದುಬಿಡು,” ಎಂದೆ. ನಿಜಕ್ಕೂ ಅಳು ಬಂದಿತ್ತು.

ಅವಳು ಮಾತಾಡಿದ್ದು ನಾಯಿಯೊಂದಿಗೆ. “ಇನ್ನೊಂದು ವರ್ಷ ಓಡಬೇಕು ಕಣೇ, ಮುದ್ದು. ಸೊನ್ನೆ ತಗೊಂಡು ಮನೇಲಿ ಕೂರೋಕಾಗುತ್ತಾ?” ಎಂದು ಅದರ ಕತ್ತು ತಬ್ಬಿಕೊಂಡಳು. ಮೆಗ್ ಬಾಲ ಅಲ್ಲಾಡಿಸಿದಳು. ನನ್ನ ಎದೆಯ ಭಾರ ಅರ್ಧ ಇಳಿಯಿತು. ಆಮೇಲೆ ಮೆರೆರಿಡ್ ಎದ್ದು ಕೈಚಾಚಿದಳು.

“ಕೀ ಕೊಡು.”

ಕೊಟ್ಟೆ. ಚಕ್ರವನ್ನೂ ಅವಳು ಹೇಳಿದಂತೆ ಗುಡ್ಡ ಹತ್ತಿಸಿದೆ. ಮೆಗ್ ಹಿಂದುಗಡೆ ಕಾಲು ಚಾಚಿ ಮಲಗಿದಳು. ಸ್ಟೆಪ್ನಿಯನ್ನು ಮೆರೆರಿಡ್ ತನ್ನ ಪಕ್ಕದ, ನಾನು ಕೂರಬೇಕಿದ್ದ ಸೀಟಿನ ಮೇಲೆ ಕೂರಿಸಿ, ಭದ್ರವಾಗಿ ಹಗ್ಗ ಬಿಗಿದಳು.

“ಮತ್ತೆ ನಾನು?” ಎಂದೆ ಮೆಲ್ಲಗೆ.

ಅವಳು ಜೀಪಿನ ಸುತ್ತ ಒಮ್ಮೆ ಕಣ್ಣು ಹಾಯಿಸಿದಳು. “ಬಾನೆಟ್ ಮೇಲೆ ಜಾಗ ಖಾಲಿ ಇದೆ,” ಎಂದಳು. ನಾನು ಹತ್ತಲು ಒಂದು ಕಾಲು ಎತ್ತಿಯೂ ಆಗಿತ್ತು. “ಆದ್ರೆ ಬೇಡ, ಇದ್ವಾಲ್. ನಿನ್ನನ್ನ ಬಿಗಿಯೋ ಅಷ್ಟು ದೊಡ್ಡ ಸ್ಪ್ಯಾನರ್ ಎಲ್ಲೂ ಸಿಗಲ್ಲ. ನಡ್ಕೊಂಡು ಬಾ.”